ನೆಟ್ಟಗ ಕುಂತು ಓದು ಅಂದ ಮಾಸ್ತರ

ಮಾಸ್ತರಿಕಿ ಮಾಡಿದವರಿಗೆ ಬ್ಯಾರೆ ಏನ ಕಡಿಮಿ ಇದ್ರೂ ನಗೂದಕ್ಕ ಬರ ಇರಂಗಿಲ್ಲ. ನಲವತ್ತು ಹುಡುಗರನ್ನ ಒಂದ ಕೋಣ್ಯಾಗ ಕುಂಡ್ರಿಸಿ 'ಸುಮ್ಮನಿರ್ರಿ' ಅಂದ್ರ ಸಾಕು, ದಿನಾ ಒಂದಿಲ್ಲೊಂದು ಆಗೇ ಆಗತೈತಿ. ಆದ್ರ ನಾ ಈಗ ಹೇಳೂ ಮಾತಿನ್ಯಾಗ ಹುಡುಗರು ನಗಿಸಿದ್ದು ಸ್ವಲ್ಪ, ಮಾಸ್ತರ ನಗಿಸಿದ್ದು ಭಾಳ. ಆ ಮಾಸ್ತರ ಬ್ಯಾರೆ ಯಾರೂ ಅಲ್ಲ, ನಾನ.

ನಿಜಾಮರ ಕಾಲದ ಮಾತು. ದೂರದ ಸೀಮ್ಯಾಗ ದೊಡ್ಡ ಯುದ್ಧ ನಡದಿತ್ತು, ನಮ್ಮ ಕಡೆ ಸೀಮಿಎಣ್ಣಿಗೂ ಕಾಗದಕ್ಕೂ ಬಡದಾಟ. ನಾ ಹುಟ್ಟಿ ಬೆಳದದ್ದು ಗಜೇಂದ್ರಗಡದ ಕಡೆ, ಅದು ಇಂಗ್ಲಿಷರ ಸೀಮಿ. ಐದಾರು ಹರದಾರಿ ಈ ಕಡೆ ಬಂದ್ರ ಕುಷ್ಟಗಿ, ಅದು ನಿಜಾಮರ ಸೀಮಿ. ಅಲ್ಲಿ ಕನ್ನಡ ಮತ್ತ ಲೆಕ್ಕ ಕಲಸಾಕ ಒಬ್ಬ ಮಾಸ್ತರ ಬೇಕಾಗಿದ್ದ. ನಾ ಹೋಗಿ ಸೇರಿದೆ. ಸೇರುವಾಗ ಒಂದು ಕರಾರು ಹಾಕಿದ್ರು: ಮೂರು ವರ್ಷದಾಗ ಉರ್ದು ಇಮ್ತಿಹಾನ ಪಾಸಾಗಬೇಕು. ಪಾಸಾದ್ರ ನೌಕರಿ ಕಾಯಂ, ಇಲ್ಲಾಂದ್ರ ಬಂದ ದಾರಿ ಹಿಡೀಬೇಕು.

ಅದೇ ವರ್ಷ ನನ್ನ ಮದುವಿ ಆಗಿತ್ತು. ನಮ್ಮ ಮಾವಾರು ಒಕ್ಕಲತನದ ಮನುಷ್ಯಾ, ಅಕ್ಷರ ಬರತಿದ್ದಿಲ್ಲ, ಆದ್ರ ಲೋಕ ಕಂಡವರು. ಅವರು ಒಂದ ಮಾತು ಅಂದ್ರು: "ನೌಕರಿ ಕಾಯಂ ಆದ ಕಾಗದ ನನ್ನ ಕಣ್ಣ ಮುಂದ ಓದಿ ತೋರಸ್ರಿ, ಅವತ್ತ ಮಗಳ್ನ ಕಳಸ್ತೀನಿ." ನಾನೂ ಜಂಬದಿಂದ ಹೂಂ ಅಂದೆ. ಎರಡು ವರ್ಷ 'ಆದೀತು ಬಿಡು, ಇನ್ನೂ ದಿನಾ ಅದಾವ' ಅಂತ ಕಳದೆ. ಹೆಂಡತಿ ತವರುಮನ್ಯಾಗ, ನಾ ಕುಷ್ಟಗ್ಯಾಗ ಕೈಯಾರೆ ರೊಟ್ಟಿ ಸುಟ್ಟಕೊಂಡು ಇದ್ದೆ.

ಆದ್ರ ಸಾಲ್ಯಾಗ ಮಾತ್ರ ನನ್ನಷ್ಟು ಬಿಗಿ ಮಾಸ್ತರ ಯಾರೂ ಇರಲಿಲ್ಲ. ಗ್ವಾಡಿ ಮ್ಯಾಲೆ ಸುಣ್ಣದಿಂದ ದಪ್ಪಗ ಬರದಿದ್ದೆ: 'ಒಂದ ಜಾಗಾ, ಒಂದ ಪುಸ್ತಕ, ಬಾಯಿ ಬಂದ್. ನೆಟ್ಟಗ ಕುಂತು ಓದು.' ಓದೂದಕ್ಕ ಇದೊಂದ ದಾರಿ, ಉಳಿದದ್ದೆಲ್ಲಾ ಹುಡುಗಾಟಿಕಿ ಅಂತ ನನ್ನ ನಂಬಿಕಿ. ಯಾರಾದ್ರೂ ಅಲ್ಲಾಡಿಕೋತ ಓದಿದ್ರ, ಅಡ್ಡಾಡಿಕೋತ ಓದಿದ್ರ, ಕಟ್ಟಿಗಿ ಕೈಯಾಗ ಬರತಿತ್ತು.

೧. ಗಾಣದ ಮಗ್ಗಿ

ಗಾಣಗ್ಯಾರ ಹುಡುಗ ಒಬ್ಬ ಇದ್ದ. ಮಗ್ಗಿ ಹೇಳಂದ್ರ ಎದ್ದು ನಿಂತು, ಕಾಲು ಒಂದರ ಮ್ಯಾಲೊಂದು ತಿಕ್ಕಿಕೋತ, ನನ್ನ ಮಾರಿ ನೋಡತಿದ್ದ. 'ಹನ್ನೆರಡ ಒಂದ್ಲಿ ಹನ್ನೆರಡು' ಅನ್ನೂದರೊಳಗ ಅವನ ಬಾಯಿ ಒಣಗತಿತ್ತು. ಇಂವ ದಡ್ಡ ಅಂತ ತೀರ್ಮಾನ ಮಾಡಿ, ಅವರಪ್ಪಗ ಹೇಳಿ ಬರೂಣು ಅಂತ ಒಂದಿನ ಮುಂಜಾನಿ ಮನಿಗೆ ಹೋದೆ.

ಹಿತ್ತಲದಾಗ ಗಾಣ ತಿರಗಾಕತ್ತಿತ್ತು. ಎತ್ತಿನ ಹಿಂದ ಹಲಗಿ ಮ್ಯಾಲೆ ಈ ಹುಡುಗ ಕುಂತಾನ, ಗಾಣದ ಜೋಡಿ ತಾನೂ ತಿರಗಾಕತ್ಯಾನ, ಬಾಯಾಗ ಹತ್ತೊಂಬತ್ತರ ಮಗ್ಗಿ ಹೊಳಿ ಹರದಂಗ ಹರೀತದ. ಹತ್ತೊಂಬತ್ತು ಮುಗೀತು, ಇಪ್ಪತ್ತೊಂದು ಹಿಡದ. ನಾ ಬಾಯಿ ತಕ್ಕೊಂಡು ನಿಂತೆ. ಅಷ್ಟರಾಗ ಎತ್ತು ನೊಣ ಹೊಡಕೊಳ್ಳಾಕ ನಿಂತಿತು, ಮಗ್ಗಿನೂ ಗಪ್ ಅಂತ ನಿಂತಿತು. ಎತ್ತು ಮುಂದ ಹೋತು, ಮಗ್ಗಿ ಬಿಟ್ಟಲ್ಲಿಂದ ಮುಂದ ಹೋತು.

ಅವರಪ್ಪ ಎಣ್ಣಿ ಕೈ ಒರಿಸಿಕೊಂಡು ಬಂದು, ಒಂದ ಸುತ್ತಿಗೆ ಒಂದ ಸಾಲ್ರೀ ಮಾಸ್ತರ, ಸಣ್ಣಂವ ಇದ್ದಾಗಿಂದ ಹಿಂಗ ಕಲಿಸೀನಿ ಅಂತ ಭಾಳ ಅಭಿಮಾನದಿಂದ ಹೇಳಿದ. ನನಗ ಸಿಟ್ಟು ಬಂತು. ಇದು ಕಲಿಯೂ ರೀತಿ ಅಲ್ಲ, ಮನುಷ್ಯಾ ಅನ್ನಾಂವ ನಿಂತಲ್ಲಿ ನಿಂತು ಹೇಳಾಕ ಬರಬೇಕು, ನಾಳಿಂದ ಗಾಣ ಹತ್ತಿಸಬ್ಯಾಡ ಅಂತ ಹುಕುಂ ಮಾಡಿ ಬಂದೆ.

ಹುಡುಗ ಗಾಣ ಇಳದ. ಎಂಟ ದಿನದಾಗ ಎರಡರ ಮಗ್ಗಿನೂ ಮರತ. ಕಡೀಗೆ ಅವರಪ್ಪ ಸಾಲಿಗೆ ಬಂದು ಬಾಗಲದಾಗ ಕೈ ಮುಗದು ನಿಂತ. ನಿಮ್ಮ ಮಗ ದಡ್ಡ ಅಂತ ಇನ್ನೊಮ್ಮೆ ಹೇಳಿದೆ. ಅಂವ ಮುಗದ ಕೈ ಇಳಿಸಿ, "ಹಂಗಾರ ನಾಳಿಂದ ಎತ್ತನ್ನ ಕಳಸ್ತೀನ್ರೀ ಮಾಸ್ತರ. ಅದು ನಾಲ್ಕು ವರ್ಷದಿಂದ ಎಲ್ಲಾ ಮಗ್ಗಿ ಕೇಳೈತಿ, ನೀವು ನಿಂದರ ಅಂದಲ್ಲಿ ನಿಂದರತೈತಿ" ಅಂದ.

೨. ಹಂಚಿನ ಮ್ಯಾಲಿನ ಅಕ್ಷರ

ಇನ್ನೊಬ್ಬಾಕಿ ಹುಡುಗಿ, ಅವ್ವ ಅಪ್ಪ ಇಬ್ಬರೂ ಕೂಲಿಗೆ ಹೋಗವರು, ಮನ್ಯಾಗ ಅಜ್ಜಿ. ಸಾಲ್ಯಾಗ ನಾಲ್ಕೇ ನಾಲ್ಕು ಹೆಣ್ಣಮಕ್ಕಳು, ಅದರಾಗ ಇಕಿ ಅಕ್ಷರ ಅಂದ್ರ ಮುತ್ತು ಪೋಣಿಸಿದಂಗ. ಆದ್ರ ಬರಿಯೂ ಮುಂದ ಒಂದು ಚಟ: ಎರಡೂ ಕೈಯಿಂದ ಗಾಳ್ಯಾಗ ಏನೋ ಹೊಸೆದು, ಆಮ್ಯಾಲೆ ಪಾಟಿ ಮ್ಯಾಲೆ ಬರದು, ಬರದ ಮ್ಯಾಲೆ ಬಾಯಿ ಚಪ್ಪರಿಸತಿದ್ದಳು. ಎಷ್ಟು ಬೈದ್ರೂ ಬಿಡಲಿಲ್ಲ.

ಒಂದಿನ ಅಜ್ಜಿ ಸಾಲಿಗೇ ಬಂದಳು. ಸೆರಗಿನ್ಯಾಗ ಏನೋ ಗಂಟು. ನಾ ಕುರ್ಚಿ ಬಿಟ್ಟು ಎದ್ದು ಏನಬೇ ಅಂದೆ. ಅಕಿ ಗಂಟು ಬಿಚ್ಚಿ ಮೇಜಿನ ಮ್ಯಾಲೆ ಇಟ್ಟಳು: ಜ್ವಾಳದ ಹಿಟ್ಟಿನ್ಯಾಗ ಮಾಡಿ, ಹಂಚಿನ ಮ್ಯಾಲೆ ಸುಟ್ಟ ಅಕ್ಷರ. ಕ ಇತ್ತು, ಗ ಇತ್ತು, ಮ ಇತ್ತು. ದಿನಾ ಸಂಜಿಗೆ ರೊಟ್ಟಿ ಬಡಿಯೂ ಹೊತ್ತಿನ್ಯಾಗ ಮೊಮ್ಮಗಳು ಅಜ್ಜಿ ಮಗ್ಗಲಕ್ಕ ಕುಂತು, ಸಾಲ್ಯಾಗ ಕಲಿತ ಅಕ್ಷರ ಹಿಟ್ಟಿನ್ಯಾಗ ಹೊಸೆದು ಕೊಡತಿದ್ದಳಂತ, ಅಜ್ಜಿ ಸುಡತಿದ್ದಳಂತ, ಇಬ್ಬರೂ ಕೂಡಿ ತಿಂತಿದ್ರಂತ.

ಅಜ್ಜಿದು ಒಂದು ತಕರಾರಿತ್ತು. ಗ ಛಲೋ ಸುಡತೈತಿ, ಠ ಇನ್ನೂ ಛಲೋ, ಬೋರಲು ಹಾಕಿದ್ರ ಸಾಕು. ಆದ್ರ ಈ ವಾರ ನೀವು ಕಲಸಿದ ಋ ಐತಲ್ಲ, ಅದರ ಬಾಲ ಕರ್ರಗಾಗತೈತಿ, ಹೊಟ್ಟಿ ಹಸೀದು ಉಳೀತೈತಿ. ಅದನ್ನ ಬಿಟ್ಟು ಬ್ಯಾರೆ ಅಕ್ಷರ ಕಲಸ್ರಿ ಅಂದಳು. ಓದು ಬರಹ ಬರದ ಮುದುಕಿ, ಐವತ್ತು ಅಕ್ಷರದ ಗುಣಾ ಒಂದೊಂದಾಗಿ ಹೇಳಾಕತ್ತಿದ್ದಳು.

ನಾ ಸೋಲಲಿಲ್ಲ. ಇದು ಸಾಲಿ, ಅಡಗಿಮನಿ ಅಲ್ಲ, ಓದಿದ್ದು ತಲಿಗೆ ಹತ್ತಬೇಕು ಅಂತ ಗ್ವಾಡಿ ಮ್ಯಾಲಿನ ಬರಹ ತೋರಿಸಿದೆ. ಅಜ್ಜಿ ಅದನ್ನ ಒಂದು ಸಲ ನೋಡಿದಳು. "ನಿಮ್ಮ ಸಾಲ್ಯಾಗ ತಲಿಗೆ ಹತ್ತಿದ್ದು ನಾ ಕಾಣೆ, ನಮ್ಮ ಮನ್ಯಾಗ ಮೈಗೆ ಹತ್ತೈತಿ. ಬೇಕಾರ ಹುಡುಗಿ ಗಲ್ಲ ನೋಡ್ರಿ" ಅಂತ ಹೇಳಿ ಹೋದಳು. ಮೇಜಿನ ಮ್ಯಾಲಿನ ಕ, ಗ, ಮ ಅಲ್ಲೇ ಉಳದಿದ್ದವು. ಅವತ್ತು ರೊಟ್ಟಿ ಸುಟ್ಟಕೊಳ್ಳಾಕ ನನಗ ಬ್ಯಾಸರಾಗಿತ್ತು, ಮೂರೂ ತಿಂದೆ.

೩. ಚಾಚಾನ ಮಿಶನ್ನು

ಇತ್ತ ನನ್ನ ಗಡುವಿನ ಮೂರನೇ ವರ್ಷ ಅರ್ಧಾ ಸರದಿತ್ತು. ಮಾವಾರು ಸಂತಿಗೆ ಬಂದವರ ಕೈಲೆ 'ಕಾಗದ ಬಂತೇನು' ಅಂತ ಕೇಳಿಸತಿದ್ರು. ಆವಾಗ ನನಗ ಎಚ್ಚರಾತು.

ನನ್ನ ಕೋಣಿ ಎದುರಿಗೇ ಒಬ್ಬ ದರ್ಜಿ ಚಾಚಾನ ಅಂಗಡಿ. ವಯಸ್ಸಾದ ಮನುಷ್ಯಾ, ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ಹೋಗಿ, ಚಾಚಾ, ನನಗ ಉರ್ದು ಕಲಸ್ರಿ ಅಂದೆ. ಮಾಸ್ತರ್ ಸಾಬ್‌ಗೆ ನಾ ಮಾಸ್ತರ ಆಗೂದಾ ಅಂತ ನಕ್ಕು ಒಪ್ಪಿಕೊಂಡ್ರು. ಆದ್ರ ಕೆಲಸ ನಿಂದರಸಂಗಿಲ್ಲ, ಹೊಲೀತಾನೇ ಹೇಳ್ತೀನಿ ಅಂದ್ರು.

ಅಂಗಡಿ ಅಂದ್ರ ಏನು, ಮಾರುದ್ದದ ಕಟ್ಟಿ. ಚಾಚಾನ ಬೆನ್ನಿಗೆ ಗ್ವಾಡಿ, ಎಡಕ್ಕ ಅರಿವಿ ಗುಡ್ಡಿ, ಬಲಕ್ಕ ಕೆಂಡದ ಇಸ್ತ್ರಿ. ಗಿರಾಕಿ ಕುಂಡ್ರಾಕ ಮಿಶನ್ನಿನ ಈ ಕಡೆ ಒಂದು ಹಲಗಿ. ನಾ ಅದರ ಮ್ಯಾಲೆ ಕುಂಡ್ರತಿದ್ದೆ. ಚಾಚಾ ಅಕ್ಷರದ ಪುಸ್ತಕ ತಮ್ಮ ಮುಂದ ಮಿಶನ್ನಿನ ಹಲಗಿ ಮ್ಯಾಲೆ ಇಟ್ಟು, ಕಾಲಲ್ಲೆ ಮಿಶನ್ನು ತುಳೀತ, ಸೀಸದಕಡ್ಡಿಯಿಂದ ಒಂದೊಂದ ಅಕ್ಷರ ತೋರಿಸಿ ಹೇಳತಿದ್ರು. ನಾ ಪಾಟಿ ಮ್ಯಾಲೆ ಕಂಡಂಗ ಬರೀತಿದ್ದೆ. ಅವರು ಅಲ್ಲಿಂದಲೇ ಬಗ್ಗಿ ನೋಡಿ 'ಶಾಭಾಸ್, ಬರಾಬರಿ' ಅಂತಿದ್ರು.

ಪುಸ್ತಕ ಮುಗದ ಮ್ಯಾಲೆ ಹೈದರಾಬಾದಿನಿಂದ ಬರೂ ಉರ್ದು ಪತ್ರಿಕಿ ಹಂಗ ಚಾಚಾನ ಮುಂದ ಹಾಸಿ ಓದಾಕ ಹಿಡದಿವಿ. ಅದನ್ನ ಚಾಚಾ ಅಂಗಿ ಅಳತಿಗೆ ಕತ್ತರಸತಿದ್ರು, ಹಿಂಗಾಗಿ ನಾ ಓದಿದ ಯುದ್ಧದ ಸುದ್ದಿ ಒಂದಕ್ಕೂ ಕುತ್ತಿಗಿ ಇರತಿದ್ದಿಲ್ಲ. ಆದ್ರೂ ಆರು ತಿಂಗಳದಾಗ ಫಡಫಡ ಓದಾಕ ಬಂತು. ನೀವು ನಂಬಂಗಿಲ್ಲ, ಅಷ್ಟು ಸಲೀಸಾಗಿ ಬಂತು.

ಜಂಬಕ್ಕ ನನಗ ತಲಿ ನಿಂದರಲಿಲ್ಲ. ಉರ್ದು ಭಾಳ ತ್ರಾಸು, ಬಲಗಡಿಯಿಂದ ಎಡಗಡಿಗೆ ಬರೀಬೇಕು ಅಂತ ಊರ ಮಂದಿ ಅಂತಿದ್ರಲ್ಲ, ನನಗೇನೂ ಹಂಗ ಕಾಣಲಿಲ್ಲ. ಎಡಗಡಿಯಿಂದ ಬಲಗಡಿಗೆ, ನಮ್ಮ ಕನ್ನಡದಂಗ ನಡದಿತ್ತು. ಒಂದ ಫರಕು ಅಂದ್ರ ಹಾಳಿ ಕೆಳಗಿನ ಸಾಲಿನಿಂದ ಸುರು ಆಗಿ ಮ್ಯಾಲಕ್ಕ ಹತ್ತತಿತ್ತು. ಅದಕ್ಕೂ ಒಂದು ಸಮಾಧಾನ ಮಾಡಿಕೊಂಡಿದ್ದೆ: ಸರ್ಕಾರದ ಭಾಷಾ, ಮ್ಯಾಲಕ್ಕ ಹತ್ತಲಾರದ ಏನು ಮಾಡೀತು.

೪. ಎಂಟ ದಿನ ಉಳದಾಗ

ಇಮ್ತಿಹಾನ ಗಂಗಾವತ್ಯಾಗ ಅಂತ ಕಾಗದ ಬಂತು. ಎಂಟು ದಿನ ಇತ್ತು. ಕಡೀ ಎಂಟು ದಿನ ನನ್ನ ಶಾಸ್ತ್ರದ ಪ್ರಕಾರ ಓದೂಣು ಅಂತ ಚಾಚಾನ ಪುಸ್ತಕ ಇಸಗೊಂಡು ಕೋಣಿಗೆ ಬಂದೆ. ಒಂದ ಜಾಗಾ, ಒಂದ ಪುಸ್ತಕ, ಬಾಯಿ ಬಂದ್. ಚಾಪಿ ಮ್ಯಾಲೆ ನೆಟ್ಟಗ ಕುಂತು ಪುಸ್ತಕ ತಗದೆ.

ಒಂದ ಅಕ್ಷರಾನೂ ಗುರುತು ಹತ್ತಲಿಲ್ಲ.

ಬ್ಯಾರೆ ಪುಸ್ತಕ ಕೊಟ್ಟಾರೇನೋ ಅಂತ ಮುಖಪುಟ ನೋಡಿದೆ. ಅದೇ ಎಣ್ಣಿ ಕಲಿ, ಅದೇ ಸೂಜಿ ತೂತು. ಇನ್ನೊಮ್ಮೆ ತಗದೆ. ಆರು ತಿಂಗಳು ಜೋಡಿ ಉಂಡ ಗೆಳ್ಯಾ ಸಂತ್ಯಾಗ ಗುರುತಿಲ್ಲದಂಗ ಹೋದಂಗಾತು. ಹುಚ್ಚರಂಗ ಪುಸ್ತಕ ಆ ಕಡೆ ಈ ಕಡೆ ತಿರುವಿದೆ. ತಲಿಕೆಳಗ ಹಿಡದಾಗ ಎಲ್ಲಾ ಅಕ್ಷರ ಎದ್ದು ಸಲಾಂ ಮಾಡಿದವು.

ಆವಾಗ ಗೊತ್ತಾತು ನೋಡ್ರಿ. ಚಾಚಾ ಆ ಕಡಿ, ನಾ ಈ ಕಡಿ, ಪುಸ್ತಕ ಅವರ ಕಡೆ ಮುಖಾ ಮಾಡಿತ್ತು. ಆರು ತಿಂಗಳು ನಾ ಇಡೀ ಉರ್ದು ಭಾಷಾನ ತಲಿಕೆಳಗ ಕಲತಿದ್ದೆ. ನಾ ಪಾಟಿ ಮ್ಯಾಲೆ ತಲಿಕೆಳಗ ಬರದದ್ದು ಅವರಿಗೆ ಆ ಕಡೆಯಿಂದ ನೆಟ್ಟಗ ಕಾಣತಿತ್ತು, ಅದಕ್ಕ ಶಾಭಾಸ್ ಅಂತಿದ್ರು. ಇಬ್ಬರಿಗೂ ಸಂಶೆ ಬರಲಿಲ್ಲ.

ನನಗ ಅಳು ಬಂತು. ಖರೇ ಹೇಳ್ತೀನಿ, ಮೂವತ್ತರ ಹತ್ತಿರದ ಗಂಡಸು, ಚಾಚಾನ ಅಂಗಡಿಗೆ ಓಡಿ, ನಡದದ್ದು ಹೇಳಿ, ಹಲಗಿ ಮ್ಯಾಲೆ ಕುಂತು ಅತ್ತೆ. ನೌಕರಿ ಹೋತು, ಹೆಂಡತಿ ಬರಂಗಿಲ್ಲ, ಮಾವಾರಿಗೆ ಏನಂತ ಮಾರಿ ತೋರಸಲಿ ಅಂದೆ. ಚಾಚಾ ಮಿಶನ್ನು ನಿಂದರಿಸಿದ್ರು. ಅವರು ಮಿಶನ್ನು ನಿಂದರಿಸಿದ್ದು ನಾ ಅವತ್ತ ಕಂಡದ್ದು.

"ಗಾಣದ ಹುಡುಗಗ ತಿರಗಬ್ಯಾಡ ಅಂದ್ರಿ, ಅವನ ಮಗ್ಗಿ ಹೋತು" ಅಂದ್ರು. "ಈಗ ಎಂಟ ದಿನದಾಗ ನೀವು ನೆಟ್ಟಗಾಗಾಕ ಹೋದ್ರ ಇದೂ ಹೋಗತೈತಿ. ಹೆಂಗ ಕಲತೀರೋ ಹಂಗ ಹೋಗಿ ಬರ್ರಿ."

ನಮ್ಮ ಸಾಲ್ಯಾಗಿನ ಸುದ್ದಿ ನಿಮಗ ಹೆಂಗ ಗೊತ್ತು ಅಂತ ಕೇಳಿದೆ. ಚಾಚಾ ದಾರ ಹರಕೊಂಡು, ಊರಿಗೆಲ್ಲಾ ಗೊತ್ತೈತ್ರೀ, ಎತ್ತಿನ ಮಾತಂತೂ ಸಂತ್ಯಾಗೆಲ್ಲಾ ನಗಾಕತ್ಯಾರ ಅಂದ್ರು.

೫. ಸಾಹೇಬರ ಮೇಜು

ಗಂಗಾವತಿ ಸಾಲಿ ಹೊರಗ ಹತ್ತು ಹನ್ನೆರಡು ಮಂದಿ ಕುಂತಿದ್ವಿ. ಒಬ್ಬೊಬ್ಬರನ್ನ ಒಳಗ ಕರೀತಿದ್ರು. ಹೊರಗ ಬಂದವರ ಮಾರಿ ನೋಡಿದ್ರ ಒಳಗಿನ ಸಾಹೇಬರು ಎಂಥವರು ಅಂತ ತಿಳೀತಿತ್ತು. ಕಡೀಗೆ ನನ್ನ ಪಾಳಿ ಬಂತು.

ದೊಡ್ಡ ಮೇಜು. ಆ ಕಡೆ ಸಾಹೇಬರು: ಕಪ್ಪು ಶೇರವಾನಿ, ಕೆಂಪು ಟೊಪ್ಪಿಗಿ. ಈ ಕಡೆ ನನಗೊಂದು ಸ್ಟೂಲು. ಆ ಮೇಜು ನೋಡಿ ಸ್ವಲ್ಪ ಜೀವ ಬಂತು. ಮಿಶನ್ನು ಒಂದ ಇರಲಿಲ್ಲ, ಉಳದದ್ದೆಲ್ಲಾ ಚಾಚಾನ ಅಂಗಡಿಯಂಗ ಇತ್ತು.

ಸಾಹೇಬರು ಪುಸ್ತಕ ತಗದು ನನ್ನ ಕಡೆ ಸರಿಸಿ, ಪಢೋ ಅಂದ್ರು. ನಾ ಎದ್ದು, ಬಗ್ಗಿ ಸಲಾಂ ಮಾಡಿ, ಎರಡೂ ಕೈಯಿಂದ ಪುಸ್ತಕ ತಿರುವಿ ಅವರ ಕಡೆ ಮುಖಾ ಮಾಡಿ ಇಟ್ಟೆ. ಆಮ್ಯಾಲೆ ಕುಂತು ಈ ಕಡೆಯಿಂದ ಓದಾಕ ಸುರು ಮಾಡಿದೆ. ಒಂದ ಹಾಳಿ ಮುಗೀತು, ಎರಡನೇದು ಮುಗೀತು. ಎಲ್ಲೂ ತಡವರಿಸಲಿಲ್ಲ. ಕಣ್ಣೆತ್ತಿ ನೋಡ್ತೀನಿ, ಸಾಹೇಬರು ಪುಸ್ತಕ ಬಿಟ್ಟು ನನ್ನ ನೋಡಾಕತ್ತಿದ್ರು.

ಕಾಗದ ಕೊಟ್ಟು, ಹೇಳಿದ್ದು ಬರಿ ಅಂದ್ರು. ನಾ ಕೆಳಗಿನ ಎಡ ಮೂಲಿಯಿಂದ ಸುರು ಮಾಡಿದೆ. ಒಂದು ಸಾಲು ಮುಗಿಸಿ ಅದರ ಮ್ಯಾಲಿನ ಸಾಲಿಗೆ ಹೋದ್ರ ಹಸಿ ಮಸಿ ಎಲ್ಲಾ ತೋಳಿಗೆ ಹತ್ತತಿತ್ತು, ಅದಕ್ಕ ಕೈ ಎತ್ತಿಕೊಂಡೇ ಬರದೆ. ಸಾಹೇಬರು ಹೇಳೂದು ನಿಂದರಿಸಿ ಮುಂದಕ್ಕ ಬಗ್ಗಿದ್ರು. ನಾ ಬರದ ಅಕ್ಷರ ಒಂದೊಂದಾಗಿ ಅವರ ಕಡೆ ಮುಖಾ ಮಾಡಿ, ಬಲದಿಂದ ಎಡಕ್ಕ, ಮ್ಯಾಲಿಂದ ಕೆಳಗ, ನೆಟ್ಟಗ ಬರಾಕತ್ತಿದ್ದವು. ಮುಗೀತು, ನನ್ನ ಕತಿ ಮುಗೀತು ಅಂತ ಕೈ ಕಟ್ಟಿಕೊಂಡು ಕುಂತೆ.

ಸಾಹೇಬರು ಬಾಗಲದಾಗಿದ್ದ ಗುಮಾಸ್ತನ್ನ ಒಳಗ ಕರದ್ರು. ನೋಡು ಇಲ್ಲಿ, ಅಂದ್ರು. "ಇಷ್ಟು ವರ್ಷ ನೌಕರಿ ಮಾಡೀನಿ. ಸಾಹೇಬಗ ಕಾಗದ ತಿರುವೂ ತ್ರಾಸು ಕೊಡಬಾರದು ಅಂತ ಅವರ ಕಡೆ ಮುಖಾ ಮಾಡಿ ಬರಿಯೂ ಮನುಷ್ಯಾನ್ನ ಇವತ್ತ ನೋಡಿದೆ. ಇದಕ್ಕ ಅದಬು ಅಂತಾರ."

ಹಿರಿಯರ ಮುಂದ ಹೆಂಗ ನಡಕೋಬೇಕು ಅನ್ನೂ ರೀತಿಗೆ ಅವರು ಅದಬು ಅಂತಾರ. ಅದಬು ಅಂದ್ರ ಅವರಿಗೆ ಜೀವ. ಇದನ್ನ ಎಲ್ಲಿ ಕಲತ್ರಿ ಅಂತ ನನ್ನ ಕೇಳಿದ್ರು. ನಮ್ಮ ಉಸ್ತಾದರ ಎದುರಿಗೆ ಕುಂತು ಕಲತೀನಿ ಹುಜೂರ್ ಅಂದೆ. ಸುಳ್ಳೇನೂ ಹೇಳಲಿಲ್ಲ. ಉಸ್ತಾದರ ಮಗ್ಗಲಕ್ಕೂ ಕುಂಡ್ರಲಿಲ್ಲಂತ, ನೋಡು, ಅಂತ ಸಾಹೇಬರು ಗುಮಾಸ್ತಗ ಇನ್ನೊಮ್ಮೆ ಹೇಳಿದ್ರು. ನಾ ಎಲ್ಲಾರಗಿಂತ ಮುಂದ ಪಾಸಾದೆ. ಗಂಗಾವತಿ ಬೀದ್ಯಾಗ ಅವತ್ತು ನಾ ನಡದದ್ದಲ್ಲ, ತೇಲಿದ್ದು.

ಆಮ್ಯಾಲೆ ತಿಳೀತು: ಸಾಹೇಬರು ತಮ್ಮ ಕಚೇರಿಗೆ ಹೋಗಿ, ಇನ್ನ ಮುಂದ ಎಲ್ಲಾ ಗುಮಾಸ್ತರು ಹಂಗ ಬರೀಬೇಕು ಅಂತ ಹುಕುಂ ಮಾಡಿದ್ರಂತ. ಎಂಟ ದಿನ ಆ ಕಚೇರಿ ಕಾಗದ ಯಾರಿಗೂ ಓದಾಕ ಬರಲಿಲ್ಲಂತ. ಆ ಗುಮಾಸ್ತರು ನನಗ ಇಟ್ಟ ಹೆಸರು ಹೆಣ್ಣಮಕ್ಕಳ ಮುಂದ ಹೇಳೂವಂಥದ್ದಲ್ಲ.

೬. ಕುರ್ಚಿ ಸುತ್ತ

ಕುಷ್ಟಗಿಗೆ ಬಂದವನ ಮೊದಲು ಒದ್ದಿ ಅರಿವಿ ತಗೊಂಡು ಗ್ವಾಡಿ ಮ್ಯಾಲಿನ ಬರಹ ಒರಿಸಿದೆ. ಗಾಣದ ಹುಡುಗನ್ನ ಕರದು, ತಮ್ಮಾ, ನಾಳಿಂದ ಗಾಣ ಹತ್ತು ಅಂದೆ. ಅಜ್ಜಿಗೂ ಹೇಳಿ ಕಳಿಸಿದೆ: ಋ ಸುಡಾಕ ಬರಲಿಲ್ಲಂದ್ರ ಕುದಿಸಿ ನೋಡಬೇ.

ತಿಂಗಳೊಪ್ಪತ್ತಿನ್ಯಾಗ ಅದೇ ಸಾಹೇಬರು ನಮ್ಮ ಸಾಲಿ ತಪಾಸಣಿಗೆ ಬಂದ್ರು. ಅದಬಿನ ಮಾಸ್ತರ ಎಲ್ಲಿ ಅಂತ ಬಾಗಲದಾಗೇ ಕೇಳಿದ್ರು. ರೊಟ್ಟಿ ಅಕ್ಷರದ ಹುಡುಗಿಗೆ ಇಪ್ಪತ್ತು ಕಠಿಣ ಶಬ್ದ ಹೇಳಿದ್ವಿ. ಅಕಿ ಗಾಳ್ಯಾಗ ಹೊಸೆದು, ಪಾಟಿ ಮ್ಯಾಲೆ ಬರದು, ಚಪ್ಪರಿಸಿ, ಇಪ್ಪತ್ತೂ ಬರಾಬರಿ ಮಾಡಿದಳು. ಆಮ್ಯಾಲೆ ಸಾಹೇಬರು ಗಾಣದ ಹುಡುಗನ ಕಡೆ ಬಟ್ಟು ಮಾಡಿ, ಹದಿನೇಳರ ಮಗ್ಗಿ ಹೇಳು ಅಂದ್ರು.

ಹುಡುಗ ನನ್ನ ಮಾರಿ ನೋಡಿದ. ನಾ ಬಟ್ಟಿನಿಂದ ಸಣ್ಣಗ ಒಂದು ಸುತ್ತು ತೋರಿಸಿದೆ. ಕೋಣ್ಯಾಗ ಸುತ್ತಾಕ ಬ್ಯಾರೆ ಜಾಗಾ ಇರಲಿಲ್ಲ, ಅಂವ ಸಾಹೇಬರ ಕುರ್ಚಿ ಸುತ್ತ ಹೊಂಟ. ಒಂದ ಸುತ್ತಿಗೆ ಒಂದ ಸಾಲು. ಸಾಹೇಬರ ಕುತ್ತಿಗಿ ಅವನ ಹಿಂದಿಂದ ತಿರಗತಿತ್ತು. ಹದಿನೇಳ ಹತ್ಲಿ ನೂರಾ ಎಪ್ಪತ್ತು ಅಂದು ನಿಂತ. ತಿರುವಿ ಹೇಳ್ತಿಯೇನು ಅಂತ ಸಾಹೇಬರು ಕೇಳಿದ್ದೇ ತಪ್ಪಾತು. ಹುಡುಗ ಗಿರಕ್ಕನ ತಿರಗಿ, ಆ ಕಡೆಯಿಂದ ಈ ಕಡೆ ಸುತ್ತಿಕೋತ, ನೂರಾ ಎಪ್ಪತ್ತರಿಂದ ಇಳದು ಹದಿನೇಳಕ್ಕ ಬಂದು ನಿಂತ.

ಇದೇನು ಪದ್ಧತಿ ಅಂತ ಸಾಹೇಬರು ಕನ್ನಡಕ ಸರಿ ಮಾಡಿಕೊಂಡು ಕೇಳಿದ್ರು. ದೊಡ್ಡವರ ಸುತ್ತ ಸುತ್ತೂದು ನಮ್ಮ ಕಡೆ ಅದಬು ಹುಜೂರ್ ಅಂದೆ. ಅವರು ಹಣಿ ಹಿಡಕೊಂಡು, ಛಲೋ ಅದಬು, ಆದ್ರ ಇನ್ನೊಂದು ಮಗ್ಗಿ ಬ್ಯಾಡ ಅಂದ್ರು. ಆ ವರ್ಷ ನಮ್ಮ ಹುಡುಗರು ಒಬ್ಬನೂ ನಪಾಸಾಗಲಿಲ್ಲ. ಮರದಿನ ಹುಡುಗನ ಅಪ್ಪ ಎಣ್ಣಿ ತಂಬಿಗಿ ತಂದು ನನ್ನ ಮುಂದ ಇಟ್ಟು, ಮಾಸ್ತರ, ಎತ್ತಿಂದೂ ರಿಜಲ್ಟ ಹೇಳ್ರಿ ಅಂದ.

೭. ಕಿರೀಟ

ನೌಕರಿ ಕಾಯಂ ಆದ ಕಾಗದ ಟಪಾಲಿನ್ಯಾಗ ಬಂತು. ದಪ್ಪ ಹಾಳಿ, ನೆತ್ತಿ ಮ್ಯಾಲೆ ಸರ್ಕಾರದ ಮುದ್ರಿ, ಅದರಾಗ ಕಿರೀಟ. ಅವತ್ತ ಮಾವಾರಿಗೆ ಹೇಳಿ ಕಳಿಸಿದೆ.

ಪಾಸಾದ ಮ್ಯಾಲೆ ನೆಟ್ಟಗ ಓದೂದು ಕಲಿಬೇಕು ಅಂತ ನಿಶ್ಚಯ ಮಾಡಿದ್ದೆ. ಖರೇನ ಮಾಡಿದ್ದೆ. ಆದ್ರ ನನ್ನ ಗುಣಾ ನಿಮಗ ಗೊತ್ತಾಗೇತಿ: 'ಆದೀತು ಬಿಡು, ಇನ್ನೂ ದಿನಾ ಅದಾವ.'

ನಾಲ್ಕನೇ ದಿನ ಮುಂಜಾನಿ ಬಂಡಿ ಬಂದು ನನ್ನ ಕೋಣಿ ಮುಂದ ನಿಂತಿತು. ಮಾವಾರು ಇಳದ್ರು. ಬಂಡ್ಯಾಗ ಹೆಂಡತಿ ಕುಂತಿದ್ದಳು, ಮಗ್ಗಲಕ್ಕ ಎರಡು ಚೀಲ, ಒಂದು ಬೀಸೂಕಲ್ಲು. ನಮ್ಮಾಕಿ ಇಳಿಯಾಕ ಕಾಲು ಚಾಚಿದಳು. ಮಾವಾರು ಕೈ ಅಡ್ಡ ಮಾಡಿ, ತಡಿ, ಮೊದಲು ಕಾಗದ ಅಂದ್ರು. ಓಣಿ ಮಂದಿ ಒಬ್ಬೊಬ್ಬರ ಹೊರಗ ಬಂದ್ರು. ಗಾಣಿಗ ಬಂದ, ಅಜ್ಜಿ ಬಂದಳು. ಎದುರಿನ ಕಟ್ಟಿ ಮ್ಯಾಲಿಂದ ಚಾಚಾ ಕನ್ನಡಕದ ಮ್ಯಾಲಿಂದ ನೋಡಾಕತ್ತಿದ್ರು.

ನಾ ಕಾಗದ ತಂದು, ಗಂಟಲಾ ಸರಿ ಮಾಡಿಕೊಂಡು, ಘನತಿಲೆ ಎತ್ತಿ ಹಿಡದು ಓದಾಕ ಸುರು ಮಾಡಿದೆ. ಮೂರು ಸಾಲು ಓದಿರಬೇಕು. ಮಾವಾರು ಕಾಗದದ ಕೆಳಗ ಬಟ್ಟು ಇಟ್ಟು ನಿಂದರಿಸಿದ್ರು.

"ಮಾಸ್ತರ, ನನಗ ಓದಾಕ ಬರಂಗಿಲ್ಲ, ಖರೆ. ಆದ್ರ ಕಿರೀಟ ತಲಿ ಮ್ಯಾಲೆ ಇರತೈತೋ ಕಾಲಾಗ ಇರತೈತೋ, ಅಷ್ಟು ತಿಳೀತದ."

ನೋಡ್ತೀನಿ, ಮುದ್ರಿ ಕೆಳಗೈತಿ, ಕಿರೀಟ ತಲಿಕೆಳಗ ಜೋತಾಡತದ. ಗಾಬರಿಬಿದ್ದು ಕಾಗದ ನೆಟ್ಟಗ ಮಾಡಿದೆ. ಆತಲ್ಲ, ಈಗ ಓದ್ರಿ ಅಂದ್ರು ಮಾವಾರು. ಬಾಯಿ ತಗದೆ. ಒಂದ ಅಕ್ಷರಾನೂ ಬರಲಿಲ್ಲ. ಗಾಣದ ಹುಡುಗ ನನ್ನ ಮುಂದ ನಿಂತು ಮಾರಿ ನೋಡತಿದ್ನಲ್ಲ, ಹಂಗ ನಾ ಮಾವಾರ ಮಾರಿ ನೋಡಿಕೋತ ನಿಂತೆ.

ಮಾವಾರ ಮುಖ ಬಿಗೀತು. ಯಾರದೋ ಕಾಗದ ತಂದು ಕಣ್ಣಿಗೆ ಮಣ್ಣು ಹಾಕ್ತೀರೇನ್ರೀ ಅಂದ್ರು. ಬಂಡಿಯವಗ ಎತ್ತು ಹೂಡು ಅಂದ್ರು. ಬಂಡ್ಯಾಗ ನಮ್ಮಾಕಿ ಮಾರಿ ಸಣ್ಣದಾತು. ಮೂರು ವರ್ಷ ಕಾದದ್ದೆಲ್ಲಾ ಅಲ್ಲೇ ಮಣ್ಣಾಗೂ ಹೊತ್ತು.

ಅಷ್ಟರಾಗ ಚಾಚಾ ಕಟ್ಟಿ ಮ್ಯಾಲಿಂದ ಕೂಗಿ, ಯಜಮಾನ್ರ, ಒಂದ ಗಳಿಗಿ ಆ ಕಾಗದ ಇತ್ತ ತರ್ರಿ ಅಂದ್ರು. ಮಾವಾರು ಮನಸ್ಸಿಲ್ಲದ ಮನಸ್ಸಿನಿಂದ ಹೋದ್ರು. ಚಾಚಾ ಕಾಗದ ತಮ್ಮ ಮುಂದ ಮಿಶನ್ನಿನ ಹಲಗಿ ಮ್ಯಾಲೆ ಹಾಸಿದ್ರು, ಕಿರೀಟ ತಮ್ಮ ಕಡೆಯಿಂದ ನೆಟ್ಟಗ. ನನಗ ಏನೂ ಹೇಳೂದು ಬೇಕಾಗಲಿಲ್ಲ. ಹೋಗಿ ನನ್ನ ಹಲಗಿ ಮ್ಯಾಲೆ ಕುಂತೆ.

ಚಾಚಾ ಆ ಕಡೆಯಿಂದ ಓದಿದ್ರು, ನಾ ಈ ಕಡೆಯಿಂದ ಓದಿದೆ. ಇಬ್ಬರ ದನಿ ಒಂದ, ಶಬ್ದ ಒಂದ, ಉಸಿರು ತಗೊಳ್ಳೂ ಜಾಗಾನೂ ಒಂದ. ನಡುವ ಚಾಚಾ ಬೇಕಂತ ಬಾಯಿ ಮುಚ್ಚಿದ್ರು. ನಾ ಒಬ್ಬನ ಕಡೀತನಕ ಓದಿ, ಸಾಹೇಬರ ಸಹಿ ಸೈತ ಓದಿ ಮುಗಿಸಿದೆ. ಚಾಚಾ ಅದನ್ನೆಲ್ಲಾ ಕನ್ನಡದಾಗ ಹೇಳಿದ್ರು: ಈ ಮಾಸ್ತರನ ನೌಕರಿ ಇವತ್ತಿನಿಂದ ಕಾಯಂ. ಗಾಣಿಗ ತನ್ನ ಹೆಗಲ ಮ್ಯಾಲಿನ ವಲ್ಲಿ ಗಾಳ್ಯಾಗ ತೂರಿದ. ಅಜ್ಜಿ ದೃಷ್ಟಿ ಆಗಬಾರದಂತ ನನ್ನ ನೆಟಿಗಿ ತಗದಳು.

ಮಾವಾರು ಕಾಗದ ನೋಡಿದ್ರು, ಮಿಶನ್ನು ನೋಡಿದ್ರು, ಚಾಚಾನ್ನ ನೋಡಿ ನನ್ನ ನೋಡಿದ್ರು. ಆಮ್ಯಾಲೆ ಕೇಳಿದ್ರು:

"ಅಲ್ರೀ ಅಳಿಯಾರ, ಎದುರಿಗೆ ಕುಂತ್ರ ಮಾತ್ರ ತಿಳೀತದೇನ್ರಿ ನಿಮಗ?"

ಹೌದ್ರಿ ಮಾವಾರ ಅಂದೆ. ಇನ್ನ ಮುಚ್ಚಿಡೂದು ಏನಿತ್ತು.

ಮದುವ್ಯಾದಾಗಿಂದ ನನ್ನ ಮುಂದ ಒಂದ ಮಾತು ಆಡಲಾರದಾಕಿ, ಓಣಿ ಮಂದಿಗೆಲ್ಲಾ ಕೇಳೂವಂಗ ಬಂಡ್ಯಾಗಿಂದ ಅಂದಳು:

"ಹಂಗಾರ ನಾ ಎದುರಿಗೇ ಕುಂಡ್ರತೀನಿ ಬಿಡಪ್ಪಾ. ಬೀಸೂಕಲ್ಲು ಇಳಸು."